ಪರದೆಯ ಮೂಲೆಯ ಮುಖ

ಮಾರ್ಚ್ ೧೨, ಬುಧವಾರ

ಮಗಳ ಒಂದು ಮಾತು ಬೆಳಗಿನಿಂದ ತಲೆ ಕೊರೆಯುತ್ತಿದೆ.

ಇವತ್ತು ನಮ್ಮ ಮೂವರ ಮೊದಲ ಆನ್‌ಲೈನ್ ಕೌನ್ಸೆಲಿಂಗ್. ನಾನು ನನ್ನ ಫೋಟೊ ಸ್ಟುಡಿಯೋದಿಂದ ಲೈಟು ತಂದು ಹಚ್ಚಿದೆ. ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿ, ಹೆಂಡತಿಯನ್ನು ಎಡಕ್ಕೆ, ಮಗಳನ್ನು ನಡುವೆ ಕೂರಿಸಿದೆ. "ಗದ್ದ ಸ್ವಲ್ಪ ಮೇಲೆ" ಅಂತಲೂ ಅಂದೆನಂತೆ, ಹೆಂಡತಿ ಹೇಳುತ್ತಾಳೆ.

ಕೌನ್ಸೆಲರ್ ಮೇಡಂ ಪರದೆಯಲ್ಲಿ ಕಂಡವರೇ ನಕ್ಕರು. "ಗ್ರೂಪ್ ಫೋಟೊ ಥರ ಇದೆ. ನಿಮಗೆ ಬೇಕಾದ ಕಡೆ ಕೂತ್ಕೊಳ್ಳಿ."

ಮಗಳು ಎದ್ದು ಹೋಗಿ ಬಾಗಿಲ ಹತ್ತಿರ, ನನ್ನ ಬೆನ್ನ ಹಿಂದೆ ಕೂತಳು.

"ಇಲ್ಲಿಂದ ಅಪ್ಪನ ಮುಖ ಕಾಣಲ್ಲ. ಆ ಮುಖ ನೋಡಿದ್ರೆ ನನಗೆ ಮಾತೇ ಬರಲ್ಲ."

"ನಾನೇನೇ ಮಾಡ್ದೆ? ಬಾಯೇ ಬಿಟ್ಟಿಲ್ವಲ್ಲ!"

ಬಿಟ್ಟಿರಲಿಲ್ಲ, ನಿಜ. ಆದರೆ ಪರದೆಯ ಮೂಲೆಯ ಚೌಕದಲ್ಲಿ ಒಬ್ಬ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿಕೊಂಡು ಕೂತಿದ್ದ. ಅದು ನಾನು! ದಿನವಿಡೀ ಗಿರಾಕಿಗಳಿಗೆ "ಮುಖ ಸಡಿಲ ಬಿಡಿ" ಎನ್ನುವ ಮನುಷ್ಯ.

ನಾಳೆ ಮೇಡಂ ಮುಂದೆ ನಾನೊಬ್ಬನೇ ಕೂರಬೇಕಂತೆ. ಏನು ಕೇಳುತ್ತಾರೋ. ಆಗಿನಿಂದ ನಾಲ್ಕು ಸಲ ಕನ್ನಡಿ ಮುಂದೆ ಹೋಗಿ ನಿಂತೆ. ಒಳ್ಳೆಯ ಮುಖವೇ ಕಾಣುತ್ತದೆ. ಹಾಗಾದರೆ ಆ ಇನ್ನೊಂದು ಮುಖ, ಮಗಳು ಮಾತಾಡಲು ಬಂದಾಗ ಮಾತ್ರ ಬರುತ್ತದೆಯೇ?