ಎರಡು ಸಲ ಉಪ್ಪು ಬಿದ್ದ ಪಲ್ಯ

ಕುರ್ತಕೋಟಿ,
೧೮ ನವೆಂಬರ ೧೯೫೬

ಚಿರಂಜೀವಿ ಸೌಭಾಗ್ಯವತಿ ದೇವವ್ವನಿಗೆ ನಿನ್ನ ಮಾವನಾದ ಅಂದಾನಪ್ಪನ ಅನಂತ ಆಶೀರ್ವಾದಗಳು.

ಧಾರವಾಡದ ಚಳಿಗೆ ನಿನ್ನ ಕೆಮ್ಮು ಮರುಕಳಿಸಿಲ್ಲವಷ್ಟೆ? ಸದ್ಗುರುಕೃಪೆಯಿಂದ ಇಲ್ಲಿ ಸರ್ವರೂ ಕ್ಷೇಮ. ಅತ್ತೆಯ ಕಣ್ಣು ಮಂದವಾದ ಮೇಲೆ ಮಕ್ಕಳು ಚುರಮುರಿ, ಬೆಲ್ಲಗಳಿಂದಲೇ ಹೊಟ್ಟೆ ಹೊರೆಯುತ್ತಿರುವರೆಂಬ ಸುದ್ದಿ ಕೇಳಿ, ಶಿಕ್ಷಕಿಯರ ತರಬೇತಿಯನ್ನು ನಡುವೆಯೇ ತೊರೆದು ಮರಳುವೆನೆಂದು ಬರೆದಿರುವೆ. ಆ ಸುದ್ದಿ ಸುಳ್ಳಾಗಿರಲಿಲ್ಲ. ನಿನ್ನ ಪತ್ರವನ್ನು ಓದಿ ಹೇಳಿದಾಗ ನಿನ್ನ ಅತ್ತೆ ಕರಿಯವ್ವ, "ಕಣ್ಣು ಹೋದ್ರೇನಾತು, ಕಿವಿ ಅದಾವಲ್ಲ. ಹುಡುಗರ್ನ ಒಲಿ ಮುಂದ ಕುಂಡ್ರಸ್ರಿ" ಎಂದಳು.

ಅಂದಿನಿಂದ ನಮ್ಮ ಅಡಿಗೆಮನೆಯೇ ಪಾಠಶಾಲೆ. ಮೊಮ್ಮಗಳು ಸಾವಕ್ಕ ರೊಟ್ಟಿ ಬಡಿಯುತ್ತಾಳೆ. ಅಜ್ಜಿ ಗೋಡೆಗೊರಗಿ ಕುಳಿತು ಸಪ್ಪಳದಿಂದಲೇ ತಪ್ಪು ಹಿಡಿಯುತ್ತಾಳೆ. ನೀರು ಕುದಿಯುವ ಮೊದಲೇ ಹಿಟ್ಟಿಗೆ ಸುರಿದು ರೊಟ್ಟಿಯೆಲ್ಲ ಬಿರಿದ ದಿನ ಆಕೆ ಆಡಿದ ಮಾತು ಓಣಿಯಲ್ಲೆಲ್ಲ ಹಬ್ಬಿದೆ: "ಅಲ್ಲವಾ, ಕನ್ನಡ ನಾಡು ಒಂದಾತು, ನಿನ್ನ ಹಿಟ್ಟು ಇನ್ನೂ ಒಂದಾಗವಲ್ದಲ್ಲ!" ಸೊಪ್ಪಿನ ಕಾರ್ಯ ಕಿರಿಯವನಾದ ಸಕ್ರಪ್ಪನದು. ಹಸಿರು ಕಂಡರೆ ಮುಖ ತಿರುಗಿಸುತ್ತಿದ್ದ ಆ ಪೋರ ಈಗ ಹೊಲದಿಂದ ಹಕ್ಕರಕಿ ಸೊಪ್ಪನ್ನು ತಾನೇ ಕಿತ್ತು ತಂದು, ತೊಳೆದು, ಹಸಿಯದನ್ನೇ ರೊಟ್ಟಿಯೊಡನೆ ಮೆಲ್ಲುತ್ತಾನೆ. ಅಕ್ಕ ಒಂದೆಲೆ ಹೆಚ್ಚು ತಿಂದರೆ ಜಗಳ. ನಿನ್ನ ಪತಿ ಗವಿಸಿದ್ದಪ್ಪನೂ ಗದಗಿನ ಅರಳೆ ಪೇಟೆಯಿಂದ ಬಂದವನೇ ತಾಟು ಹಿಡಿದು ಮಕ್ಕಳೆದುರು ಕೂಡುತ್ತಾನೆ.

ಅವರ ಪ್ರಥಮ ಅಡಿಗೆಯ ವೃತ್ತಾಂತವನ್ನು ಕೇಳು. ಲಿಂಗಕ್ಕೆ ಅರ್ಪಿಸುವ ಮುನ್ನ ನಮ್ಮಲ್ಲಿ ರುಚಿ ನೋಡುವಂತಿಲ್ಲವಷ್ಟೆ. ಹೀಗಾಗಿ ಮೆಂತ್ಯದ ಪಲ್ಯಕ್ಕೆ ಅಕ್ಕ ಒಮ್ಮೆ ಉಪ್ಪು ಹಾಕಿದಳು, ಅದನ್ನರಿಯದ ತಮ್ಮ ಮತ್ತೊಮ್ಮೆ. ಅರ್ಪಿಸಿ ಬಾಯಿಗಿಟ್ಟೆ, ಕಣ್ಣಲ್ಲಿ ನೀರು ಬಂತು.

"ಮುತ್ಯಾ, ಬ್ಯಾಡ್ರಿ, ಎಮ್ಮಿಗಿ ಹಾಕೂಣು" ಎಂದ ಸಕ್ರಪ್ಪ.

"ಶಿವಗ ಕೊಟ್ಟದ್ದನ್ನ ಎಮ್ಮಿಗಿ ಹಾಕ್ತಿಯೇನಲೇ, ಹುಚ್ಚಪ್ಯಾಲಿ!" ಎಂದು ಗದರಿದಳು ಅಜ್ಜಿ.

ಪ್ರಸಾದವನ್ನು ಬಿಡುವುದುಂಟೆ? ಪೂರ್ತಿ ಉಂಡು, ಪದ್ಧತಿಯಂತೆ ತಾಟು ತೊಳೆದ ನೀರನ್ನೂ ಕುಡಿದೆ. ಅದೂ ಉಪ್ಪು! ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ತಮ್ಮ ತಾಟುಗಳನ್ನೂ ಬರಿದು ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದಗುಳೂ ಉಳಿದುದಿಲ್ಲ. ಉಪ್ಪು ಹಾಕಿದವರು "ಹಾಕೇನೀ!" ಎಂದು ಕೂಗಬೇಕೆಂಬುದು ಈಗ ಅಜ್ಜಿಯ ಕಟ್ಟಳೆ. ಬೀದಿಯಲ್ಲಿ ಚಕ್ಕಡಿ ಹೊಡೆದುಕೊಂಡು ಹೋಗುವ ನಜೀರಸಾಬ, "ಆತು ಬಿಡವಾ, ಊರಿಗೆಲ್ಲಾ ಗೊತ್ತಾತು!" ಎಂದು ಒದರುತ್ತಾನೆ.

ಪೂಜೆಯ ಹೊತ್ತಾಯಿತು. ನಿನ್ನ ಕಾಯವೂ ವಿದ್ಯೆಯೂ ಶಿವನ ಕಾವಲಿನಲ್ಲಿರಲಿ.

ಸದಾ ಹರಸುವ,
ಅಂದಾನಪ್ಪ

ತಾ.ಕ.: ಧಾರವಾಡಕ್ಕೆ ಹೊರಟ ನಜೀರಸಾಬನ ಕೈಯಲ್ಲಿ ಕಳಿಸಿದ ಕಟಕ ರೊಟ್ಟಿಯನ್ನು ಅತ್ತೆ ಮಾಡಿದ್ದೆಂದೇ ತಿಳಿದು ಇಷ್ಟರಲ್ಲಿ ಮುರಿದು ತಿಂದಿರುವೆಯಷ್ಟೆ? ಅಲ್ಲ ಮಗಳೆ. ಸಾವಕ್ಕ ಬಡಿದದ್ದು, ಸಕ್ರಪ್ಪ ಬೇಯಿಸಿದ್ದು. ಆದುದರಿಂದ ಮರಳುವ ಮಾತು ಬೇಡ. ಪರೀಕ್ಷೆ ಮುಗಿಸಿಯೇ ಬಾ. ಹೆಗಲ ಮೇಲಿಂದ ಇಣುಕಿ ಸಾವಕ್ಕ ಬರೆಯಿಸುತ್ತಿದ್ದಾಳೆ: "ಅವ್ವಾ, ನೀ ಸಾಲಿ ಅಕ್ಕೋರು ಆಗೇ ಬಾ. ಬಂದ ದಿನಾ ನಾವ ಉಣ್ಣಾಕ ಹಾಕ್ತೀವಿ. ಉಪ್ಪು ಒಂದ ಸರತಿ ಹಾಕ್ತೀವಿ, ಖರೇನ."