ಎರಡು ಸುಳಿ, ಒಂದು ಸುಳಿವು

ಅಂಗಡಿಯ ಹಿಂದಿನ ಕೋಣೆ
ಭಾನುವಾರ ಮಧ್ಯಾಹ್ನ, ಹದಿನೇಳನೇ ತಾರೀಕು

ಮುದ್ದಿನ ತಂಗಿಗೆ,

ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ: ನಿನ್ನ ಮಗ ಚೆನ್ನಾಗಿದ್ದಾನೆ. ಊಟ ಮುಗಿಸಿ ಪಕ್ಕದ ಕೋಣೆಯಲ್ಲಿ ಬಾಯಿ ತೆರೆದು ಮಲಗಿದ್ದಾನೆ. ಗೊರಕೆ ಕೇಳಿದರೆ ಇನ್ನು ಎಪ್ಪತ್ತು ವರ್ಷಕ್ಕೆ ಮೋಸವಿಲ್ಲ. ಈ ಸಾಲನ್ನು ಎರಡು ಸಲ ಓದಿ, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಹೋಗು.

ಇಷ್ಟು ದಿನ ಕಾಗದ ಹಾಕಲಿಲ್ಲ, ಬೈದುಕೋ, ಆದರೆ ಮೆಲ್ಲಗೆ. ನೀನು ಫೋನ್ ಮಾಡಿದಾಗಲೆಲ್ಲ "ಗಿರಾಕಿ ಇದ್ದಾರೆ" ಎಂದು ಇಟ್ಟುಬಿಟ್ಟೆ. ಗಿರಾಕಿ ಇರಲಿಲ್ಲ, ಗಿರಕಿ ಹೊಡೆಯುತ್ತಿದ್ದವನು ನಾನೇ. ನೀನು ನರ್ಸು. ನನ್ನ ಒಂದು ವಾಕ್ಯ ಮುಗಿಯುವ ಮೊದಲೇ ಹದಿನೆಂಟು ಪ್ರಶ್ನೆ ಕೇಳಿ ನಾಡಿ ಹಿಡಿದುಬಿಡುತ್ತೀಯ. ಕಾಗದದಲ್ಲಿ ಅದೊಂದು ಸೌಕರ್ಯ, ನಡುವೆ ಬಾಯಿ ಹಾಕುವಂತಿಲ್ಲ.

ಸುದ್ದಿ ನಿನ್ನ ಸಮುದ್ರದ ದಂಡೆಗೂ ಮುಟ್ಟಿರುತ್ತದೆ. ಹದಿನೇಳು ದಿನದ ಹಿಂದೆ, ಗುರುವಾರ ಸಂಜೆ ಆರು ಗಂಟೆಗೆ, ಇಲ್ಲಿನ ಅತಿ ದೊಡ್ಡ ಕಟ್ಟಡಗಳ ಧಣಿಯನ್ನು ಅವನದೇ ಇಪ್ಪತ್ತೆರಡು ಅಂತಸ್ತಿನ ಗೋಪುರದಲ್ಲಿ ಯಾರೋ ಇರಿದು ಕೊಂದರು. ಮಾರನೆಯ ದಿನ ಪೊಲೀಸರು ಒಂದು ಚಿತ್ರ ಬಿಟ್ಟರು. ಮೆಟ್ಟಿಲ ಮೇಲಿನ ಛಾವಣಿಯ ಕ್ಯಾಮೆರಾ ಹಿಡಿದದ್ದು. ಬೂದು ಅಂಗಿಯ ಒಬ್ಬ ಇಳಿದು ಹೋಗುತ್ತಿದ್ದಾನೆ. ಮುಖವಿಲ್ಲ. ನೆತ್ತಿ, ಕುತ್ತಿಗೆ, ಬೆನ್ನು, ಅಷ್ಟೇ. ಪತ್ರಿಕೆಗಳೆಲ್ಲ "ತಲೆಮರೆಸಿಕೊಂಡ ಆರೋಪಿ" ಎಂದು ಬರೆದವು. ಅವನು ಮರೆಸಿಕೊಂಡದ್ದು ಮುಖವನ್ನು; ಊರಿಗೆಲ್ಲ ಕಂಡದ್ದು ತಲೆಯೊಂದೇ.

ಊರಿಗೆ ಊರೇ ಪತ್ತೇದಾರಿ ಇಲಾಖೆಯಾಯಿತು. ಅದರ ಮುಖ್ಯ ಕಚೇರಿ ನನ್ನ ಕ್ಷೌರದಂಗಡಿ. ಎದುರಿನ ಔಷಧಿ ಅಂಗಡಿಯವನು ಗೊತ್ತಲ್ಲ, ಕೆಮ್ಮಿಗೆ ಔಷಧಿ ಕೇಳಿದರೆ ಜೊತೆಗೆ ರಾಜಕೀಯವನ್ನೂ ಕೊಡುವವನು. ಅವನು ಚಿತ್ರವನ್ನು ಹಾಳೆಯಷ್ಟು ದೊಡ್ಡದು ಮಾಡಿಸಿ ತಂದು ನನ್ನ ಕನ್ನಡಿಗೇ ಅಂಟಿಸಿದ. ಯಾರು ಕೂತರೂ ಎದುರಿಗೆ ತಮ್ಮ ಮುಖ, ಪಕ್ಕದಲ್ಲಿ ಕೊಲೆಗಾರನ ಬೆನ್ನು.

"ನಡಿಗೆ ನೋಡ್ರಿ, ಪಕ್ಕಾ ಮಿಲಿಟರಿ," ಅಂದ.

ಭೂಗೋಳದ ಮೇಷ್ಟ್ರು, ರಿಟೈರಾಗಿ ಹತ್ತು ವರ್ಷವಾದರೂ ಕೋಲು ಬಿಡದವರು, ನೊರೆಯೊಳಗಿಂದಲೇ ಕೇಳಿದರು: "ಅಲ್ಲಯ್ಯ, ನಿಂತ ಚಿತ್ರದಲ್ಲಿ ನಡಿಗೆ ಹೇಗಯ್ಯ ಕಾಣುತ್ತೆ?"

"ಕಾಣೋರಿಗೆ ಕಾಣುತ್ತೆ ಮೇಷ್ಟ್ರೇ."

"ನನಗೆ ಕಾಣೋದು ಬೇರೆ. ಎಡಕ್ಕೆ ವಾಲಿದಾನೆ. ಗುಡ್ಡದ ಕಡೆಯೋರು ಹಾಗೆ ವಾಲ್ತಾರೆ."

"ನೀವು ಬಲಕ್ಕೆ ವಾಲಿ ಕೂತು ನೋಡಿದ್ರೆ ಲೋಕಾನೇ ಎಡಕ್ಕೆ ವಾಲುತ್ತೆ. ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ, ಕಿವಿ ಹೋಗುತ್ತೆ," ಅಂದೆ ನಾನು.

ನಗಿಸಿದೆ. ನಗಿಸುತ್ತಲೇ ಚಿತ್ರದ ಕಡೆ ತಿರುಗಿದೆ. ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

ನಮ್ಮ ಅಪ್ಪ ಎಡಗೈಯವರು. ಕುತ್ತಿಗೆಯ ಹಿಂದಿನ ಕೂದಲಿನ ಗೆರೆ ಅವರ ಕೈಯಲ್ಲಿ ಬಲಗಡೆ ಅರ್ಧ ಬೆರಳು ಕೆಳಕ್ಕೆ ಇಳಿಯುತ್ತಿತ್ತು. ನಾನು ಬಲಗೈಯವನು, ಆದರೂ ಅವರಿಂದ ಕಲಿತ ಪಾಠವನ್ನು ಓರೆಯ ಸಮೇತ ಕಲಿತೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಂದು ಅಪ್ಪನ ಕುರ್ಚಿ ಹಿಡಿದೆ. ಕುರ್ಚಿ ಹಿಡಿದವರೆಲ್ಲ ಅದರ ಮೇಲೆ ಕೂರುತ್ತಾರೆ, ನಾನು ಮೂವತ್ತು ವರ್ಷದಿಂದ ಅದರ ಹಿಂದೆ ನಿಂತಿದ್ದೇನೆ. ಈ ಓರೆ ಗೆರೆ ಬೇರೆ ಯಾವ ಅಂಗಡಿಯಲ್ಲೂ ಇಲ್ಲ. ಚಿತ್ರದಲ್ಲಿ ಇದ್ದದ್ದು ಅದೇ. ನನ್ನ ಅಂಗಡಿಯ ತಲೆಗಳು ಊರಲ್ಲಿ ನೂರಾರು ಇವೆ, ಅದಿರಲಿ. ನೆತ್ತಿಯ ಮೇಲೆ ಎರಡು ಸುಳಿ ಕಂಡವು. ಅಕ್ಕಪಕ್ಕ, ಒಂದು ಕೂದಲೆಳೆಯ ಅಂತರದಲ್ಲಿ. ನನ್ನ ಅಂಗಡಿಗೆ ಬರುವ ಜೋಡಿ ಸುಳಿಯ ತಲೆ ಒಂದೇ ಒಂದು. ಅದನ್ನು ಹೆತ್ತವಳು ನೀನು.

ಈಗ ನಗಬೇಡ. ನಿನ್ನ ಮಗ ಲಿಫ್ಟ್ ಮೆಕ್ಯಾನಿಕ್ಕು. ಆ ಗೋಪುರದ ನಾಲ್ಕು ಲಿಫ್ಟೂ ಅವನ ಸುಪರ್ದಿ. ಆ ಗುರುವಾರ ಎರಡನ್ನು ರಿಪೇರಿಗೆಂದು ನಿಲ್ಲಿಸಿದ್ದವನು ಅವನೇ. ಅವತ್ತು ಸಂಜೆ ಎಂಟಕ್ಕೆ ಮನೆಗೆ ಬಂದಾಗ ತಲೆ ಒದ್ದೆ, ಕಣ್ಣು ಕೆಂಪು, ಚೀಲದೊಳಗೆ ಒದ್ದೆ ಬಟ್ಟೆ. "ಎಲ್ಲಿಗೋ ಹೋಗಿದ್ದೆ?" ಅಂದರೆ "ಕೆಲಸ ಇತ್ತು ಮಾಮ" ಅಂದ. ಒಂದು ಬನಿಯನ್ ಒಗೆಯಲು ಒಂಬತ್ತು ಸಲ ಹೇಳಿಸಿಕೊಳ್ಳುವವನು ಬಟ್ಟೆಯನ್ನು ತಾನೇ ಹಿಂಡಿ ಹಿತ್ತಿಲ ಕಿಟಕಿಗೆ ಹಾಕಿದ. ತರ್ಕಶಾಸ್ತ್ರ ನನ್ನ ಕಾಲೇಜಿನ ಬೆಂಚು ಬಿಟ್ಟು ಎದ್ದು ಬಂದು ಎದೆಯ ಮೇಲೆ ಕೂತಿತು.

ಯಾರಾದರೂ ಬುದ್ಧಿವಂತರಾಗಿದ್ದರೆ ಅವನನ್ನು ಕೂರಿಸಿಕೊಂಡು ಕೇಳುತ್ತಿದ್ದರು. ನಾನು ಕೂರಿಸಿದೆ, ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು, "ಹೊಟ್ಟು ಜಾಸ್ತಿಯಾಗಿದೆ, ಪೂರ್ತಿ ತೆಗೀತೀನಿ," ಅಂದೆ.

"ಪೂರ್ತಿನಾ?" ಅಂದ. ಆಮೇಲೆ ಸ್ವಲ್ಪ ಯೋಚಿಸಿ, "ಒಳ್ಳೇದೇ ಆಯ್ತು, ತೆಗೀರಿ ಮಾಮ," ಅಂದ.

ಆ "ಒಳ್ಳೇದೇ ಆಯ್ತು" ಕೇಳಿದ್ದೇ ಅರ್ಧ ಎಳೆದಿದ್ದ ಬಾಗಿಲನ್ನು ಪೂರ್ತಿ ಎಳೆದೆ. ನುಣ್ಣಗೆ ಬೋಳಿಸಿದೆ. ಉದುರಿದ ಕೂದಲನ್ನು ಕಾಗದದಲ್ಲಿ ಕಟ್ಟಿ ಎರಡು ಬೀದಿ ಆಚೆಯ ತೊಟ್ಟಿಗೆ ಹಾಕಿ ಬಂದೆ. ಹೊರಗೆ ಹೋದರೆ ಔಷಧಿ ಅಂಗಡಿಯವನು, "ಏನಪ್ಪಾ ಲಿಫ್ಟು, ತಲೇನ ಒಂದೇ ಸಲ ನೆಲ ಅಂತಸ್ತಿಗೆ ಇಳಿಸಿದೀಯ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ತಲೆ ನನ್ನಿಂದಾಗಿ ಇಡೀ ಬೀದಿಯ ಕಣ್ಣಿಗೆ ಬಿತ್ತು.

ಮಂಗಳವಾರ ಇನ್ನೊಂದು ಘಟನೆ ನಡೆಯಿತು. ನಮ್ಮ ಸಾಲಿನ ಕೊನೆಯಲ್ಲಿ ಗಾಜಿನ ಗೂಡಿನಲ್ಲಿ ಕೂರುವ ಗಡಿಯಾರ ರಿಪೇರಿಯವನು, ವರ್ಷಕ್ಕೆ ನಾಲ್ಕು ಮಾತು ಆಡುವ ಮನುಷ್ಯ. ಅವನ ಹತ್ತಿರ ಬೂದು ಅಂಗಿ ಇತ್ತು. ಅಷ್ಟೇ ಅವನ ಅಪರಾಧ. ಯಾರೋ ಅವನ ಬೆನ್ನಿನ ಫೋಟೊ ತೆಗೆದು ಕೊಲೆಗಾರನ ಪಕ್ಕದಲ್ಲಿಟ್ಟು ಊರಿಗೆಲ್ಲ ಕಳಿಸಿದರು. ಮಧ್ಯಾಹ್ನ ಹತ್ತಿಪ್ಪತ್ತು ಜನ ಬಂದು ಗೂಡಿನ ಗಾಜು ಒಡೆದರು. ಅವನಿಗೆ ಏಟು ಬೀಳುವ ಮೊದಲು ಮೇಷ್ಟ್ರು ಕೋಲು ಎತ್ತಿಕೊಂಡು ನಡುವೆ ನಿಂತರು, ಪುಣ್ಯಕ್ಕೆ. ಜನ ಹೋದ ಮೇಲೆ ಅವನು ನೆಲದ ಮೇಲೆ ಕೂತು ಗಾಜಿನ ಚೂರುಗಳ ನಡುವಿನಿಂದ ಸಾಸಿವೆಯಷ್ಟು ಸಣ್ಣ ಹಲ್ಲುಚಕ್ರಗಳನ್ನು ಚಿಮುಟದಲ್ಲಿ ಹೆಕ್ಕುತ್ತಿದ್ದ. ನನ್ನನ್ನು ನೋಡಿ, "ಅಣ್ಣಾ, ನಿಮಗೆ ನನ್ನ ತಲೆ ಗೊತ್ತಲ್ಲ. ಅದು ನನ್ನ ತಲೆ ಅಲ್ಲ ಅಂತ ನೀವಾದ್ರೂ ಹೇಳಿ," ಅಂದ. ಆ ವರ್ಷದ ಮಾತೆಲ್ಲ ಅಲ್ಲಿಗೆ ಖರ್ಚಾಯಿತು.

ಬುಧವಾರ ಮಧ್ಯಾಹ್ನ ಪೊಲೀಸರು ಬಂದು ನಿನ್ನ ಮಗನನ್ನು ಕರೆದುಕೊಂಡು ಹೋದರು. ಸುಳಿವು ಕೊಡಲೆಂದು ಇಟ್ಟಿದ್ದ ನಂಬರಿಗೆ ಯಾರೋ ಫೋನ್ ಮಾಡಿ ಅವನ ಗುರುತು ಹೇಳಿದ್ದರಂತೆ. ಬೀದಿಯೆಲ್ಲ ಔಷಧಿ ಅಂಗಡಿಯವನ ಮೇಲೆ ಬೆರಳು ತೋರಿಸಿತು. ಅವನು ತಾಯಿಯಾಣೆ ತಂದೆಯಾಣೆ ಮಾಡಿ, ಆಣೆಗೆ ಮನೆಯವರು ಸಾಲದೆ ಅಂಗಡಿಯ ಮೇಲೂ ಆಣೆಯಿಟ್ಟ. ಯಾರೂ ನಂಬಲಿಲ್ಲ.

ಠಾಣೆಯ ಬೆಂಚಿನ ಮೇಲೆ ಮಾರನೆಯ ದಿನ ಮಧ್ಯಾಹ್ನದವರೆಗೆ ಕೂತೆ. ಅದರ ಬಗ್ಗೆ ಬರೆಯುವುದಿಲ್ಲ. ನಿನ್ನ ಮುಖಕ್ಕೆ ಏನು ಉತ್ತರ ಹೇಳುವುದೆಂದು ಹುಡುಕುತ್ತಾ ಗೋಡೆಯ ಇಟ್ಟಿಗೆ ಎಣಿಸಿದೆ ಎಂದಷ್ಟೇ ತಿಳಿದುಕೋ.

ಒಳಗೆ ಅವನು, ಗುರುವಾರ ಸಂಜೆ ಎಲ್ಲಿದ್ದೆ ಎಂದರೆ, "ಹೇಳೋಕೆ ನಾಚಿಕೆ ಸಾರ್," ಎಂದೇ ಬೆಳಗು ಮಾಡಿದ್ದಾನೆ. ಕೊನೆಗೆ ಬಾಯಿ ಬಿಟ್ಟಾಗ ಸಾಹೇಬರು ಯಾರನ್ನೋ ಕರೆಸಲು ಫೋನ್ ಮಾಡಿದರಂತೆ. ಹನ್ನೊಂದು ಗಂಟೆಗೆ ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಒಬ್ಬ ಹೆಂಗಸು ದುಡುದುಡು ಬಂದರು. ಹಿಂದೆ ನಾಲ್ಕು ಮಕ್ಕಳು, ಅವರ ಹಿಂದೆ ಅವರ ಅಮ್ಮಂದಿರು. ಆಕೆ ಈಜು ಕಲಿಸುವ ಟೀಚರ್. ತಂಗಿ, ನಿನ್ನ ಇಪ್ಪತ್ತೊಂಬತ್ತು ವರ್ಷದ ಮಗ ಏಳು ವರ್ಷದ ಮಕ್ಕಳ ಜೊತೆ ಈಜು ಕಲಿಯುತ್ತಿದ್ದಾನೆ. ವಾರಕ್ಕೆ ಎರಡು ದಿನ, ಸಂಜೆ ಐದೂವರೆಯಿಂದ ಏಳು.

"ಕೊಲೆ ಆದ ದಿನ ಇವರು ನೀರಲ್ಲೇ ಇದ್ರಾ?" ಎಂದು ಸಾಹೇಬರು ಕೇಳಿದರು.

ಎರಡು ಜಡೆಯ ಒಂದು ಪುಟ್ಟಿ ಮುಂದೆ ಬಂದು, "ಅವತ್ತೂ ನೀರಲ್ಲೇ ಇದ್ರು ಸಾರ್, ಆದ್ರೆ ಈಜಲ್ಲ. ಕಂಬಿ ಹಿಡ್ಕೊಂಡು ನಿಂತಿರ್ತಾರೆ. ನಾವು ಕೈ ಬಿಡ್ಸೋಕೆ ಹೋದ್ರೆ ಅಳ್ತಾರೆ," ಅಂದಿತು.

"ಅಳಲ್ಲ ಸಾರ್," ಅಂದ ನಿನ್ನ ಮಗ.

"ಕಣ್ಣು ಕೆಂಪಗಾಗಿರುತ್ತಲ್ಲ ಮತ್ತೆ," ಅಂದಿತು ಅದು.

ಇಡೀ ಠಾಣೆ ನಕ್ಕಿತು. ಮುಳುಗಿದೆ ಎಂದುಕೊಂಡಿದ್ದವನು ನಾನು ಅಲ್ಲೇ ತೇಲಿದೆ. ಬೆಂಚಿನ ಮೇಲೆ ಕೂತಲ್ಲೇ ಅತ್ತೆ, ಆ ಪುಟ್ಟಿ ನನಗೂ ಕೈ ಬಿಡಿಸಲು ಬರುತ್ತದೇನೋ ಎಂಬಂತೆ. ಈಜುವಾಗ ಹಾಕುವ ರಬ್ಬರ್ ಟೋಪಿ ಬಿಗಿಯಾಗಿ ಕೂದಲು ಎಳೆಯುತ್ತಿತ್ತಂತೆ, ಅದಕ್ಕೇ ತಲೆ ಬೋಳಿಸುವುದು "ಒಳ್ಳೇದೇ ಆಯ್ತು". ಈಜು ಯಾಕೋ ಎಂದು ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ಅಮ್ಮನ ಊರಿಗೆ ಹೋದಾಗೆಲ್ಲ ಅವಳು ಸಮುದ್ರಕ್ಕೆ ಇಳೀತಾಳೆ, ನಾನು ಅವಳ ಚಪ್ಪಲಿ ಹಿಡ್ಕೊಂಡು ಮರಳಲ್ಲಿ ನಿಂತಿರ್ತೀನಿ. ಈ ಸಲ ಇಳೀಬೇಕು ಅಂತ," ಅಂದ. ನಿನಗೆ ಹೇಳಬಾರದು ಎಂದಿದ್ದಾನೆ. ಅವನು ಇಳಿದಾಗ ನೀನು ಬೆರಗಾದ ಹಾಗೆ ನಟಿಸು.

ನಿಜವಾದ ಕೊಲೆಗಾರ ಕಳೆದ ಸೋಮವಾರ ಸಿಕ್ಕಿದ. ಧಣಿಯ ಪಾಲುದಾರನ ಹಳೆಯ ಡ್ರೈವರ್. ಮಿಲಿಟರಿಯೂ ಅಲ್ಲ, ಗುಡ್ಡದವನೂ ಅಲ್ಲ. ಟಿವಿಯಲ್ಲಿ ಅವನನ್ನು ವ್ಯಾನಿಗೆ ಹತ್ತಿಸುವಾಗ ತಲೆ ಬಗ್ಗಿಸಿದರು, ನೆತ್ತಿ ಕಂಡಿತು. ನನಗೆ ತಟ್ಟನೆ ನೆನಪಾಯಿತು. ಕೊಲೆಯ ಹಿಂದಿನ ದಿನ ಒಬ್ಬ ಅಪರಿಚಿತ ಬಂದು, "ಹಿಂದೆ ಕಾಸಗಲ ಬೋಳಾಗಿದೆ, ಕಾಣದ ಹಾಗೆ ಮಾಡಿಕೊಡಿ," ಎಂದಿದ್ದ. ನಾನು ಸುತ್ತಲಿನ ಕೂದಲನ್ನು ಉದ್ದ ಬಿಟ್ಟು, ಸುತ್ತಿಸಿ ಬಾಚಿ, ಅವನ ಹುಟ್ಟುಸುಳಿಯ ಪಕ್ಕದಲ್ಲೇ, ಬೋಳಿನ ಮೇಲೆ, ಥೇಟ್ ಇನ್ನೊಂದು ಸುಳಿಯನ್ನೇ ಮಾಡಿ ಕೂರಿಸಿದ್ದೆ. ಎಷ್ಟು ಚೆಂದ ಮಾಡಿದ್ದೆನೆಂದರೆ, ಮೂರು ದಿನ ಬಿಟ್ಟು ಚಿತ್ರದಲ್ಲಿ ನೋಡಿದ ನಾನೇ ಅದನ್ನು ಹುಟ್ಟುಸುಳಿ ಅಂದುಕೊಂಡೆ. ಮೂವತ್ತು ವರ್ಷದ ಕಸುಬಿನಲ್ಲಿ ನನ್ನ ಕೈಚಳಕಕ್ಕೆ ಮರುಳಾದ ಮೊದಲ ಗಿರಾಕಿ ನಾನು.

ಈಗ ಎಲ್ಲ ತಣ್ಣಗಾಗಿದೆ. ಗಡಿಯಾರದವನಿಗೆ ನಮ್ಮ ಸಾಲಿನವರೆಲ್ಲ ಸೇರಿ ಹೊಸ ಗಾಜು ಹಾಕಿಸಿದೆವು. ಚಿತ್ರವನ್ನು ಕನ್ನಡಿಯಿಂದ ಕಿತ್ತೆ, ಅಂಟಿನ ಕಲೆ ಉಳಿದಿದೆ. ಮೇಷ್ಟ್ರು ಮತ್ತು ಔಷಧಿಯವನು ಈಗ ಹೊಸ ರಸ್ತೆ ಯಾವ ಕಡೆಗೆ ವಾಲಿದೆ ಎಂದು ಜಗಳವಾಡುತ್ತಿದ್ದಾರೆ. ನಿನ್ನ ಮಗನ ತಲೆಯಲ್ಲಿ ಮುಳ್ಳುಮುಳ್ಳಾಗಿ ಕೂದಲು ಬಂದಿದೆ, ಎರಡು ಸುಳಿಯೂ ತಮ್ಮ ಜಾಗಕ್ಕೆ ಮರಳಿವೆ.

ನಿನ್ನ ಮಂಡಿನೋವು ಕಡಿಮೆಯಾಗಲಿ, ರಾತ್ರಿಪಾಳಿ ತಪ್ಪಲಿ, ವಾರ್ಡಿನ ರೋಗಿಗಳೆಲ್ಲ ನಡೆದುಕೊಂಡೇ ಮನೆಗೆ ಹೋಗಲಿ. ನೂರು ವರ್ಷ ನಗುತ್ತಾ ಬಾಳು, ಅದರಲ್ಲಿ ಐವತ್ತು ವರ್ಷ ನನ್ನನ್ನು ನೋಡಿ ನಕ್ಕರೂ ಅಡ್ಡಿಯಿಲ್ಲ.

ನಿನ್ನ ತಲೆಹರಟೆ ಅಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಔಷಧಿ ಅಂಗಡಿಯವನು ಫೋನ್ ಮಾಡಿರಲಿಲ್ಲ. ನಾನು ಮಾಡಿದೆ. ಗಡಿಯಾರದವನು ಚಕ್ರ ಹೆಕ್ಕುವುದನ್ನು ನೋಡಿ ಬಂದವನು ತಡೆಯಲಾರದೆ, ಮೂಗು ಹಿಡಿದುಕೊಂಡು ಧ್ವನಿ ಬದಲಿಸಿ, ನಿನ್ನ ಮಗನ ಹೆಸರು ಹೇಳಿಬಿಟ್ಟೆ. ಕೊನೆಗೆ ಬಾಯಿತಪ್ಪಿ "ಏನಂತೀರಿ?" ಅಂದೆ. ಕೈಗನ್ನಡಿ ಹಿಡಿದು ಪ್ರತಿ ಗಿರಾಕಿಯನ್ನೂ ನಾನು ಕೇಳುವ ಮಾತು ಅದು. ಹನ್ನೊಂದು ವರ್ಷದಿಂದ ಈ ಮನೆಯಲ್ಲಿರುವವನಿಗೆ ಅದು ಯಾರದೆಂದು ತಿಳಿಯಲು ಎರಡನೇ ಸಲ ಕೇಳಬೇಕಿಲ್ಲ.

ಮೊನ್ನೆ ಶುಕ್ರವಾರ ಠಾಣೆಯ ದಫೇದಾರ ಗಡ್ಡಕ್ಕೆ ಬಂದು ಮಾತಿನ ನಡುವೆ ಹೇಳಿದ: "ಸಾಹೇಬ್ರು ನಿಮ್ಮ ಅಳಿಯನಿಗೆ ಆ ಫೋನಿನ ರೆಕಾರ್ಡನ್ನ ಮೂರು ಸಲ ಕೇಳಿಸಿದ್ರು, ಇದು ಯಾರಪ್ಪ, ನಿನ್ನ ಮೇಲೆ ಯಾರಿಗೆ ಹಗೆ ಅಂತ. ಮೂರು ಸಲಾನೂ ಪೂರ್ತಿ ಕೇಳ್ದ. ಈ ಧ್ವನಿ ನನಗೆ ಗೊತ್ತಿಲ್ಲ ಸಾರ್ ಅಂದ."

ಮನೆಯಲ್ಲಿ ಅವನು ಒಂದು ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ. ಇವತ್ತು ಬೆಳಿಗ್ಗೆ ಬಂದು "ಮಾಮ, ಗಡ್ಡ" ಎಂದು ಕುರ್ಚಿಯಲ್ಲಿ ಕೂತ. ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ. ಕತ್ತಿಯನ್ನು ಅವನ ಕತ್ತಿನ ಹತ್ತಿರಕ್ಕೆ ತಂದೆ. ಕೆಳಗೆ ಇಳಿಸಿ, ಟವೆಲ್ಲಿನಲ್ಲಿ ಒರೆಸಿ, ಮತ್ತೆ ಎತ್ತಿದೆ, ಮತ್ತೆ ಇಳಿಸಿದೆ. ಅವನು ಕಣ್ಣು ತೆರೆಯಲಿಲ್ಲ.

"ನಿಧಾನಕ್ಕೆ ಮಾಡಿ ಮಾಮ," ಅಂದ. "ನನಗೇನೂ ಅವಸರ ಇಲ್ಲ."