ಬೋರಲು ಹಾಕಿದ ಹಲಗೆ

ಹೌಕಿ ಕೆರೆ, ಉತ್ತರ ಮಿನ್ನೆಸೋಟ
ಏಪ್ರಿಲ್ ೧೯, ಭಾನುವಾರ

ಪ್ರೀತಿಯ ತಮ್ಮ ಆರ್ನೆಗೆ,

ಹೇಗಿದ್ದೀಯ? ಎರಡು ವರ್ಷದ ಹಿಂದೆ ಅಲಾಸ್ಕಾದಿಂದ ಬಂದ ಕಾರ್ಡಿನಲ್ಲಿ, ದೋಣಿಯ ಹಗ್ಗಕ್ಕೆ ಸಿಕ್ಕಿ ಬಲಗೈಯ ಕಿರುಬೆರಳು ಮುರಿದಿದೆ ಎಂದು ಬರೆದಿದ್ದೆ. ಆ ಬೆರಳು ಈಗ ಮಡಿಚಲು ಬರುತ್ತದೆಯೆ? ಚಳಿಗೆ ನೋಯುತ್ತದೆಯೆ? ಕಾರ್ಡಿನಲ್ಲಿದ್ದ ಸುದ್ದಿ ಅದೊಂದೇ. ಹಾಗಾಗಿ ಈ ಎರಡು ವರ್ಷ ನಿನ್ನನ್ನು ನೆನೆಯುವುದೆಂದರೆ ಆ ಬೆರಳನ್ನು ನೆನೆಯುವುದೇ ಆಗಿಬಿಟ್ಟಿದೆ. ನನಗೆ ಐವತ್ಮೂರು ತುಂಬಿತು. ದಾರಕ್ಕೆ ಗಾಳ ಕಟ್ಟುವಾಗ ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿಯುತ್ತೇನೆ, ಥೇಟ್ ಅಪ್ಪನ ಹಾಗೆ. ಉಳಿದಂತೆ ಚೆನ್ನಾಗಿದ್ದೇನೆ. ನೀನು ಫೋನು ಎತ್ತುವುದಿಲ್ಲ. ಕಾಗದವನ್ನು ಒಡೆಯದೆ ಇರಲಾರೆ ಎಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ಗುರುವಾರ ಮಂಜುಗಡ್ಡೆ ದಡ ಬಿಟ್ಟಿತು. ಎಂದಿನಂತೆ ಮೊದಲು ಬಿಟ್ಟದ್ದು ಉತ್ತರದ ಜೊಂಡಿನ ಮೂಲೆಯಲ್ಲಿ, ಬಿಸಿಲು ನೇರ ಬೀಳುವ ಕಡೆ. ಈಗ ಅಲ್ಲಿ ದಡಕ್ಕೂ ಗಡ್ಡೆಗೂ ನಡುವೆ ಎರಡಾಳು ಅಗಲದ ಕಪ್ಪು ನೀರಿದೆ. ಕೆಳಗಿನ ಕೆಸರು ಬೆಚ್ಚಗಾಗುತ್ತಲೇ ಸನ್‌ಫಿಶ್‌ಗಳು ಗಡ್ಡೆಯ ಅಡಿಯಿಂದ ಆ ಪಟ್ಟಿಗೆ ಬಂದು ಸುಮ್ಮನೆ ನಿಲ್ಲುತ್ತವೆ, ಬಿಸಿಲು ಕಾಯಿಸಲು ಅಂಗಳಕ್ಕೆ ಬಂದ ಮುದುಕರ ಹಾಗೆ. ನಿನ್ನೆ ಬೆಳಿಗ್ಗೆ ಹೋಗಿದ್ದೆ. ಬಿಳಿ ಹುಳುವಿನ ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೆ. ತಣ್ಣಗಾದರೆ ಹುಳು ಒದ್ದಾಡುವುದಿಲ್ಲ, ಒದ್ದಾಡದ ಹುಳುವನ್ನು ಈ ಕಾಲದ ಮೀನು ಮೂಸಿಯೂ ನೋಡುವುದಿಲ್ಲ. ಇಷ್ಟು ತಣ್ಣೀರಿನಲ್ಲಿ ಅವು ಎಳೆಯುವುದಿಲ್ಲವೆಂದು ನಿನಗೆ ಗೊತ್ತು. ಬೆಂಡು ಮುಳುಗುವುದಿಲ್ಲ, ಒಂದು ಕಡೆಗೆ ಸ್ವಲ್ಪ ವಾಲುತ್ತದೆ, ಅಷ್ಟೆ. ಅದನ್ನು ಕಾಣಲು ಬೇರೇನನ್ನೂ ಯೋಚಿಸದೆ ಕೂತಿರಬೇಕು. ನನಗೆ ಅದೇ ಬೇಕಾಗಿತ್ತು. ಒಂಬತ್ತು ಸಿಕ್ಕವು, ಎಲ್ಲವೂ ಅಂಗೈಯಗಲ, ಬಾಣಲೆಗೆ ಇಡಿಯಾಗಿ ಹಿಡಿಸುವಂಥವು. ರೈ ಧಾನ್ಯದ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದೆ. ಅಮ್ಮ ಬಾಲವನ್ನು ಗರಿಗರಿಯಾಗಿಸುತ್ತಿದ್ದಳಲ್ಲ, ಅದು ಮಾತ್ರ ನನಗೆ ಇವತ್ತಿಗೂ ಬರಲಿಲ್ಲ.

ಅರ್ಧ ಮೀನನ್ನು ವಿಲ್ಹೋನ ಹುಳುಗಾಳದ ಅಂಗಡಿಗೆ ಕೊಟ್ಟುಬಂದೆ. ಎಂಬತ್ತೆರಡಾದರೂ ಅವನ ಬಾಯಿ ಹಾಗೇ ಇದೆ. “ಏನಮ್ಮಾ ಇಲ್ಮಾ, ಇನ್ನೂ ದಡದಲ್ಲೇ ನಿಂತ್ಕೊಂಡು ಹಿಡೀತಿದೀಯಾ? ಬಾತುಕೋಳಿಗಳೂ ನಿನಗಿಂತ ಮುಂದಕ್ಕೆ ಹೋಗ್ತವಲ್ಲೇ!” ಎಂದು ನಗಾಡಿದ. ಆಮೇಲೆ ಚಹಾದ ಲೋಟ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದ: “ನಿನ್ನ ತಮ್ಮ ಬರ್ತಾನೇನೇ ಮಣ್ಣಿಗೆ? ಬರೋಕೆ ಹೇಳು. ನಾನು ಆಗ ಏನೇನೋ ಅಂದ್ಬಿಟ್ಟೆ. ಒಂದು ಹಲಗೆ ಎಳೆಯೋದು ಮರೆತ, ಯಾರು ಮರೆಯಲ್ಲ ಹೇಳು.” ಇದೇ ಬಾಯಿ ಅಂದು ಚರ್ಚಿನ ಮೆಟ್ಟಿಲ ಮೇಲೆ, ನಿನಗೆ ಕೇಳುವಂತೆ, “ಹಲಗೆ ಎಳೆಯೋಕೂ ಬಾರದವನು” ಎಂದಿತ್ತು. ಬೈಗುಳ ಕೇಳಿ ನನಗೆ ಅಭ್ಯಾಸವಾಗಿತ್ತು. ಈ ಕರುಣೆಯನ್ನು ಮಾತ್ರ ನಿಂತು ಕೇಳಲಾಗಲಿಲ್ಲ. ಕೊಳ್ಳಲು ಹೋಗಿದ್ದ ಗಾಳಗಳನ್ನು ಅಲ್ಲೇ ಬಿಟ್ಟು ಬಂದೆ.

ಮಣ್ಣು ಎಂದದ್ದು ಅಮ್ಮನದ್ದು. ಜನವರಿಯಲ್ಲಿ ಬರೆದ ಕಾಗದ ನಿನ್ನ ಕೈಸೇರಿತೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಮತ್ತೆ ಬರೆಯುತ್ತೇನೆ. ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ, ಕಾಫಿ ಕುಡಿದ ಮೇಲೆ, ಹೆಚ್ಚು ಕಷ್ಟಪಡದೆ ಹೋದಳು. ನೆಲ ಐದಡಿ ಹೆಪ್ಪುಗಟ್ಟಿತ್ತು. ಪ್ರಾರ್ಥನೆ ಮುಗಿಸಿ, ಸ್ಮಶಾನದ ಹಿಂದಿನ ಕಲ್ಲಿನ ಕೋಣೆಯಲ್ಲಿ, ಚಳಿಗಾಲದಲ್ಲಿ ತೀರಿಕೊಂಡ ಇನ್ನಿಬ್ಬರ ಜೊತೆಗೆ ಇಟ್ಟಿದ್ದೇವೆ. ಗುಂಡಿ ತೋಡುವವನು ಸೋಮವಾರಕ್ಕೊಮ್ಮೆ ಹೋಗಿ ಸಲಾಕೆ ಚುಚ್ಚಿ ನೋಡುತ್ತಾನೆ. ಮೊನ್ನೆ ಸೋಮವಾರ ಸಲಾಕೆ ಮೊಣಕಾಲುದ್ದ ಇಳಿಯಿತಂತೆ. ಮೇ ಒಂಬತ್ತು, ಶನಿವಾರ, ಹನ್ನೊಂದು ಗಂಟೆಗೆ ಎಂದು ಪಾದ್ರಿಗಳು ನಿಶ್ಚಯಿಸಿದ್ದಾರೆ. ಅಪ್ಪನ ಎಡಪಕ್ಕ. ಸತ್ತವರನ್ನು ಹೀಗೆ ಮೂರು ತಿಂಗಳು ಕಾಯಿಸುವುದು ನಮಗೆಲ್ಲ ಸಹಜವೇ. ಆದರೆ ಈ ಸಲ, ಅವಳು ಇನ್ನೂ ಪೂರ್ತಿ ಹೋಗಿಲ್ಲ, ಏನನ್ನಾದರೂ ಹೇಳುವುದಿದ್ದರೆ ಹೇಳಬಹುದು ಎಂದು ನನಗೆ ಆಗಾಗ ಅನ್ನಿಸಿದೆ. ಎರಡು ಸಲ ಆ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಅದಕ್ಕೆ ಹೊರಗಿನಿಂದ ಬೀಗ.

ಕೊನೆಯ ವಾರ ಅವಳು ನಿನ್ನ ವಿಷಯ ತೆಗೆದಳು. ನೀನು ಊರು ಬಿಟ್ಟ ಹನ್ನೊಂದು ವರ್ಷದಲ್ಲಿ ತಾನಾಗಿ ತೆಗೆದದ್ದು ಅದೇ ಮೊದಲು. ಗಂಜಿ ಕುಡಿಸುತ್ತಿದ್ದೆ. ಚಮಚವನ್ನು ಕೈಯಿಂದ ಸರಿಸಿ ಹೇಳಿದಳು: “ಆರ್ನೆಗೆ ಬರಿ. ನಾನು ಅವನನ್ನ ಕ್ಷಮಿಸಿದೀನಿ ಅಂತ ಬರಿ. ಮರೀಬೇಡ್ವೇ, ನೀನು ಮರೆಗುಳಿ.” “ಬರೀತೀನಮ್ಮ” ಎಂದೆ. ಮತ್ತೆ ಚಮಚ ಎತ್ತಿದೆ. ಅವಳು ಬಾಯಿ ತೆರೆದಳು. ಬರೆದಿದ್ದೇನೆ, ನೋಡು.

ಅಪ್ಪ ಕೆರೆಯಲ್ಲಿ ಮುಳುಗಿದ ಆ ದಿನದ ಬಗ್ಗೆ ನಾವಿಬ್ಬರೂ ಒಂದು ಸಲವೂ ಸರಿಯಾಗಿ ಮಾತಾಡಲಿಲ್ಲ. ಬೆಳಿಗ್ಗೆ ಗಡ್ಡೆ ಗಟ್ಟಿಯಿತ್ತು. ದಡದ ನೀರಿನ ಮೇಲೆ ಹಲಗೆ ಹಾಕಿಕೊಂಡು ಮೂವರೂ ಹೋಗಿ ಕೂತೆವು, ಮೀನಿಗಾಗಿ ಗಡ್ಡೆಯಲ್ಲಿ ಕೊರೆದ ತೂತಿನ ಸುತ್ತ. ಹತ್ತಕ್ಕೆ ಅಪ್ಪ ಬೆನ್ನು ನೋವೆಂದು ಮಲಗಲು ಮನೆಗೆ ಹೋದ. ಹನ್ನೊಂದಕ್ಕೆ ನಾನು ಹೋದೆ. ಕೊನೆಯವನು ನೀನು, ಹನ್ನೆರಡಕ್ಕೆ ಮೇಲೆ ಬಂದು, ಹಾಗೇ ಟ್ರಕ್ಕು ಹತ್ತಿ ಪೇಟೆಗೆ ಹೋದೆ. ಅಪ್ಪನ ಕಟ್ಟಳೆ ಊರಿಗೇ ಗೊತ್ತಿತ್ತು: ಗಡ್ಡೆ ಮೆತ್ತಗಾಯಿತೆಂದು ಕಂಡರೆ, ಕೊನೆಗೆ ಬರುವವನು ಹಲಗೆಯನ್ನು ಎಳೆದು ಬರ್ಚ್ ಮರದ ಕೆಳಗೆ ಬೋರಲು ಹಾಕಬೇಕು. ಆಮೇಲೆ ಆ ವರ್ಷಕ್ಕೆ ಯಾರೂ ಗಡ್ಡೆಯ ಮೇಲೆ ಕಾಲಿಡುವಂತಿಲ್ಲ. “ಬೋರಲಾಗಿದ್ರೆ ಮುಗೀತು ಕಣ್ರೋ, ನನ್ನಪ್ಪ ಎದ್ದು ಬಂದು ಕರೆದ್ರೂ ಹೋಗ್ಬೇಡಿ” ಎನ್ನುತ್ತಿದ್ದ. ಕಣ್ಣಿಗೆ ಪೊರೆ ಬಂದ ಮೇಲೆ ಅವನು ಸಲಾಕೆಯಿಂದ ಗಡ್ಡೆ ಕುಟ್ಟಿ ನೋಡುವುದನ್ನು ಬಿಟ್ಟು, ಹಲಗೆಯನ್ನಷ್ಟೇ ನೋಡುತ್ತಿದ್ದ. ಮೂರು ಗಂಟೆಗೆ ಎದ್ದು ಕೆರೆಗೆ ಇಳಿದ. ಹಲಗೆ ನೀರಿನ ಮೇಲೇ ಇತ್ತು. ಮೂರು ಗಂಟೆಯ ಬಿಸಿಲಿಗೆ ಗಡ್ಡೆ ಮೇಣದಬತ್ತಿಗಳನ್ನು ಒತ್ತಾಗಿ ನಿಲ್ಲಿಸಿದಂತೆ ಆಗಿರುತ್ತದೆ, ತಳ್ಳಿದರೆ ಬಿಡಿಬಿಡಿ. ಪೇಟೆಯಿಂದ ಬಂದು ಅವನ ಟೋಪಿಯನ್ನು ಮೊದಲು ಕಂಡವನು ನೀನು.

ಆ ಸಂಜೆ ಅಡುಗೆಮನೆಯಲ್ಲಿ ನಿನ್ನ ಒದ್ದೆ ಬೂಟಿನಿಂದ ನೀರು ಇಳಿಯುತ್ತಿತ್ತು. ಅಮ್ಮ ಕೂಗಲಿಲ್ಲ. “ಒಂದು ಹಲಗೆ ಕಣೋ. ಒಂದು ಹಲಗೆ” ಎಂದಳು, ಲೆಕ್ಕ ತಪ್ಪಿದವಳಂತೆ. ನೀನು “ಎಳೆದಿದ್ದೆ ಅಂತ್ಲೇ ನೆನಪು” ಎಂದೆ. ಆಮೇಲೆ ಬೂಟು ಕಳಚುತ್ತಾ, “ಹೋದ ವರ್ಷದ್ದೋ ಏನೋ” ಎಂದೆ. ಅಷ್ಟು ಸಾಕಾಯಿತು. ವರ್ಷವರ್ಷ ಮಾಡುವ ಕೆಲಸ ಕೈಗೆ ನೆನಪಿರುತ್ತದೆ, ಯಾವ ವರ್ಷ ಎಂಬುದು ಇರುವುದಿಲ್ಲ. ನೀನು ಸುಳ್ಳು ಹೇಳಲಾರದವನು, ಹಾಗಾಗಿ ನಿನ್ನ ಮೇಲೆ ನೀನೇ ಅನುಮಾನಪಟ್ಟೆ. ಸಿಂಕಿನ ಪಕ್ಕ ನೀಲಿ ಬಕೆಟ್ಟಿನಲ್ಲಿ ಬೆಳಗಿನ ಮೀನುಗಳಿದ್ದವು, ಎರಡರ ಕಿವಿರು ಇನ್ನೂ ಆಡುತ್ತಿತ್ತು. ನಾನು ನೋಡುತ್ತಿದ್ದದ್ದು ಅವನ್ನು. ಜೂನ್ ಬರುವಷ್ಟರಲ್ಲಿ ನೀನು ಊರು ಬಿಟ್ಟಿದ್ದೆ.

ಅಂದು ಅಪ್ಪನನ್ನು ಹುಡುಕಲು ಬಂದವರು ಎಳೆದು ಹಾಕಿದ ಹಲಗೆ ಇನ್ನೂ ಬರ್ಚ್ ಕೆಳಗೇ ಇದೆ. ಯಾರೂ ಮುಟ್ಟಿಲ್ಲ. ಒಂದು ತುದಿಯಲ್ಲಿ ಪಾಚಿ ಹತ್ತಿದೆ. ನಿನ್ನ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದ್ದೇನೆ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಹಬೆಸ್ನಾನದ ಸೌನಾ ಕೋಣೆಯ ಒಲೆಯ ಕೊಳವೆ ಮಾತ್ರ ಹೊಗೆಯಾಡುತ್ತದೆ, ಅದು ನೀನು ಬಂದೇ ನೋಡಬೇಕು. ಒಂಬತ್ತನೇ ತಾರೀಕಿಗೆ ಕ್ರಾಪಿ ಮೀನುಗಳೂ ಜೊಂಡಿಗೆ ಬಂದಿರುತ್ತವೆ. ಬರುತ್ತೀಯಾ ಎಂದು ನಾನು ಕೇಳುವ ಹಾಗಿಲ್ಲ. ಆದರೂ ಕೇಳುತ್ತಿದ್ದೇನೆ.

ಆ ಬೆರಳನ್ನು ಬೆಚ್ಚಗೆ ಇಟ್ಟುಕೋ. ನೀರಿನ ಮೇಲೆ ಇರುವಷ್ಟು ದಿನ ದೇವರು ನಿನ್ನ ಕಾಲ ಕೆಳಗಿನದನ್ನು ಗಟ್ಟಿಯಾಗಿ ಇಡಲಿ.

ನಿನ್ನ ಅಕ್ಕ,
ಇಲ್ಮಾ

ಮರೆತದ್ದು: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಆ ನೀಲಿ ಬಕೆಟ್ಟು ಮನೆಗೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ನೀನು ಅದನ್ನು ತೂತಿನ ಪಕ್ಕದಲ್ಲೇ ಮರೆತು ಬಂದಿದ್ದೆ. ಹನ್ನೆರಡೂವರೆಗೆ ಅಮ್ಮ “ಮೀನೆಲ್ಲೇ?” ಎಂದಳು. ನಾನು ಇಳಿದು ಹೋದೆ. ಹಲಗೆ ಬರ್ಚ್ ಕೆಳಗಿತ್ತು. ಅದನ್ನು ಮಗುಚಿ, ನೀರಿನ ಮೇಲೆ ಹಾಕಿ, ಹಗುರವಾಗಿ ಹೆಜ್ಜೆಯಿಟ್ಟು ಹೋಗಿ ತಂದೆ. ಒಂದು ಕೈಯಲ್ಲಿ ಬಕೆಟ್ಟು, ಒಂದೇ ಕೈಗೆ ಹಲಗೆ ಬರಲಿಲ್ಲ. ಮೀನು ಇಟ್ಟು ಬಂದು ಎಳೆಯೋಣ ಎಂದುಕೊಂಡೆ. ಅಮ್ಮ ಆಲೂಗಡ್ಡೆ ಸುಲಿಯಲು ಕೊಟ್ಟಳು. ಅಷ್ಟೇ. ಅವಳು “ಒಂದು ಹಲಗೆ” ಎಂದಾಗ ಬಾಯಿ ತೆರೆದಿದ್ದೆ, ನೀನು ಮೊದಲು ಮಾತಾಡಿಬಿಟ್ಟೆ. ಆಮೇಲೆ ಹನ್ನೊಂದು ವರ್ಷ. ಗುಂಡಿಯ ಬಳಿ ಎಲ್ಲರೂ ನಿಂತಿರುವಾಗ ಇದನ್ನು ಹೇಳುತ್ತೇನೆ, ಅಮ್ಮನಿಗೂ ವಿಲ್ಹೋಗೂ ಒಟ್ಟಿಗೆ ಕೇಳುವಂತೆ, ನೀನು ಬಂದರೂ ಬರದಿದ್ದರೂ. ನೀನು ಎಳೆದಿದ್ದೆ, ಆರ್ನೆ. ಬೋರಲು ಹಾಕಿದ್ದೆ. ಅದು ಆ ವರ್ಷದ್ದೇ.